ಕೋರ್ಟು ಕಲಿಸಿದ ಇಂಗ್ಲಿಷು

ನಮ್ಮ ತಾಲ್ಲೂಕಿನಲ್ಲಿ ಇಂಗ್ಲಿಷ್ ಕಲಿಸುವ ಶಾಲೆಗಳು ಎರಡು. ಒಂದು ಬಸ್‌ಸ್ಟ್ಯಾಂಡಿನ ಹಿಂದಿನ ಕಾನ್ವೆಂಟು, ಇನ್ನೊಂದು ತಾಲ್ಲೂಕು ಕಚೇರಿಯ ಪಕ್ಕದ ಕೋರ್ಟು. ಎರಡನೆಯದರ ಫೀಸು ಹೆಚ್ಚು. ಹೊಲ ಮಾರಿ ಕಟ್ಟಿದವರಿದ್ದಾರೆ. ಅಪ್ಪ ಸೇರಿಕೊಂಡ ತರಗತಿಯಲ್ಲೇ ಮಗನೂ ಕೂತು, ಕೊನೆಗೆ ಮೊಮ್ಮಗ ಪಾಸಾದ ಮನೆಗಳೂ ಇವೆ. ಆದರೆ ಅಲ್ಲಿ ಕಲಿತದ್ದು ಸಾಯುವ ತನಕ ಮರೆಯುವುದಿಲ್ಲ. ಕಾನ್ವೆಂಟಿನ ಬಗ್ಗೆ ಅಷ್ಟು ಧೈರ್ಯವಾಗಿ ಹೇಳಲಾರೆ.

ನಮ್ಮ ದೊಡ್ಡಪ್ಪ ಈ ಎರಡನೆಯ ಶಾಲೆಯಲ್ಲಿ ಓದಿದವರು. ಕನ್ನಡದಲ್ಲಿ ರುಜು ಹಾಕುವಷ್ಟು ಅಕ್ಷರ ಬರುತ್ತಿತ್ತು, ಅಷ್ಟೇ. ಬದುವಿನ ಮೇಲಿದ್ದ ಒಂದು ಹುಣಸೆಮರ ಯಾರಿಗೆ ಸೇರಿದ್ದೆಂಬ ವಿಷಯ ಮೊದಲು ಬಾಯಲ್ಲಿ, ಆಮೇಲೆ ಗುದ್ದಲಿಯ ಕಾವಿನಲ್ಲಿ, ಕೊನೆಗೆ ಸಿವಿಲ್ಲು ಕ್ರಿಮಿನಲ್ಲು ಎರಡರಲ್ಲೂ ಚರ್ಚೆಗೆ ಬಂತು. ಅಲ್ಲಿಂದ ಶುರುವಾಯಿತು ಅವರ ವಿದ್ಯಾಭ್ಯಾಸ. ‘ಥ್ಯಾಂಕ್ಯೂ’ ಅನ್ನಲು ತಡವರಿಸುತ್ತಿದ್ದ ಅವರ ಬಾಯಲ್ಲಿ ಅಡ್ಜರ್ನ್‌ಮೆಂಟು, ಕೇವಿಯಟ್ಟು, ಅಫಿಡವಿಟ್ಟು, ಎಕ್ಸ್‌ಪಾರ್ಟಿ ಎಲ್ಲವೂ ಎಲೆ ಅಡಿಕೆಯ ಜೊತೆಯಲ್ಲೇ ಸಲೀಸಾಗಿ ಹೊರಳುತ್ತಿದ್ದವು. ಇಂಜಂಕ್ಷನ್ನನ್ನು ಮಾತ್ರ ಇಂಜೆಕ್ಷನ್ ಎನ್ನುತ್ತಿದ್ದರು. “ಮೇಲ್ಗಡೆ ಹೊಲದೋರಿಗೆ ಇಂಜೆಕ್ಷನ್ ಕೊಡ್ಸಿದೀನಿ ಕಣಪ್ಪ, ಇನ್ನ ಅಲ್ಲಾಡೋ ಹಂಗಿಲ್ಲ.” ಅರ್ಥವೇನೂ ಕೆಟ್ಟಿರಲಿಲ್ಲ. ತಮ್ಮ ಪರವಾಗಿ ಹೇಳಬೇಕಿದ್ದ ಸಾಕ್ಷಿ ಕಟಕಟೆಯಲ್ಲಿ ತಿರುಗಿಬಿದ್ದಾಗ, “ನನ್ಮಗ ಹಾಸ್ಟೆಲ್ ಆಗೋದ” ಎಂದರು. ಊಟ ಹಾಕಿದವರ ಕಡೆಗೆ ಹೋಗಿ ಸೇರಿಕೊಂಡವನಿಗೆ ಹಾಸ್ಟೈಲಿಗಿಂತ ಹಾಸ್ಟೆಲೇ ಸರಿಯಾದ ಮಾತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಅವರ ಇಂಗ್ಲಿಷಿನಲ್ಲಿ ಕ್ರಿಯಾಪದಗಳೇ ಇರಲಿಲ್ಲ. ಅದು ಕೊರತೆ ಅಂತ ಅನ್ನಿಸುತ್ತಲೂ ಇರಲಿಲ್ಲ. ಇಂಗ್ಲಿಷಿನವರು ಹೆಸರು ತಂದುಕೊಟ್ಟರೆ ಸಾಕು, ಅದನ್ನು ಉಳುವ ಎತ್ತು ನಮ್ಮ ಕೊಟ್ಟಿಗೆಯಲ್ಲೇ ಇತ್ತು. ಕೇಸು ಹಾಕುತ್ತಾರೆ, ಕೇಸು ಬೀಳುತ್ತದೆ, ಜಡಿಯುತ್ತಾರೆ, ಮುಚ್ಚಿಹಾಕುತ್ತಾರೆ. ಕೇಸು ನಿಲ್ಲುತ್ತದೆ, ಕೇಸು ಬಿದ್ದುಹೋಗುತ್ತದೆ. ‘ಕೇಸು ಬಿತ್ತು’ ಅಂದರೆ ಸಂಕಟ, ‘ಕೇಸು ಬಿದ್ದುಹೋಯ್ತು’ ಅಂದರೆ ಬಿಡುಗಡೆ. ಒಂದು ‘ಹೋಯ್ತು’ ಸೇರಿದ್ದಕ್ಕೆ ಮನುಷ್ಯ ಜೈಲಿನಿಂದ ಮನೆಗೆ ಬರುತ್ತಾನೆ. ಸ್ಟೇ ತರುತ್ತಾರೆ, ಬೇಲು ಆಗುತ್ತದೆ, ವಾರಂಟು ಹೊರಡುತ್ತದೆ. ಸಮನ್ಸು ಮಾತ್ರ ಬರುತ್ತದೆ, ಮದುವೆಯ ಕರೆಯೋಲೆಯ ಹಾಗೆ, ಬೇಡವೆಂದರೂ.

ಪೊಲೀಸ್ ಸ್ಟೇಷನ್ನಿನ ಇಂಗ್ಲಿಷು ಕೋರ್ಟಿನದಕ್ಕಿಂತ ಬೇರೆ ಪಂಗಡದ್ದು. ಅಲ್ಲಿ ‘ರೈಟರ್’ ಅಂದರೆ ಬರೆಯುವ ಪೊಲೀಸು. ದೂರನ್ನು ಸರಿಯಾದ ರೂಪಕ್ಕೆ ತರುವವರು ಅವರೇ. ಪಾಸ್‌ಪೋರ್ಟಿನ ವಿಚಾರಣೆಗೆಂದು ಹೋದಾಗ ಕಸುಬು ಏನೆಂದು ಕೇಳಿದರು. ಸ್ವಲ್ಪ ಠೀವಿಯಿಂದಲೇ “ರೈಟರ್” ಅಂದೆ. ಪೇದೆ ತಲೆ ಎತ್ತಿ, ದನಿಯಲ್ಲಿ ಮರ್ಯಾದೆ ತಂದುಕೊಂಡು, “ಯಾವ ಸ್ಟೇಷನ್ ಸಾರ್?” ಎಂದು ಕೇಳಿದರು. ನನ್ನ ಬರವಣಿಗೆಗೆ ಅಷ್ಟು ಗೌರವ ಅದಕ್ಕೆ ಮೊದಲೂ ಸಿಕ್ಕಿರಲಿಲ್ಲ, ಆಮೇಲೂ ಇಲ್ಲ. ಆ ಲೋಕದಲ್ಲಿ ಎಫ್‌ಐಆರ್‌ಗೆ ಅಚ್ಚಾದ ಹೆಸರು ‘ಪ್ರಥಮ ವರ್ತಮಾನ ವರದಿ’. ಕಾಗದದ ನೆತ್ತಿಯ ಮೇಲೆ ಅದು ಕೂತಿದ್ದರೂ ಅದನ್ನು ಆ ಹೆಸರಿನಿಂದ ಕರೆದವರನ್ನು ನಾನು ಕಂಡಿಲ್ಲ. ಪುರಾವೆ ಸಿಗದೆ ಪ್ರಕರಣ ಮುಗಿಸಿದರೆ ‘ಬಿ ರಿಪೋರ್ಟ್ ಹಾಕಿದರು’. ಅಸಹಜವಾಗಿ ಸತ್ತರೆ ಯುಡಿಆರ್. ಆರೋಪಿಗಳಿಗೆ ಎ-1, ಎ-2 ಎಂಬ ಅಂಕಿ. ಎ-ಒನ್ ಎಂದರೆ ಮೊದಲೆಲ್ಲ ಮೇಲ್ದರ್ಜೆಯ ಸರಕು, ಆ ಹೆಸರಿನ ಬೇಕರಿಗಳು ಈಗಲೂ ಇವೆ. ಟೀವಿಯವರ ದಯೆಯಿಂದ ಈಗ ಆ ಹೆಸರಿನ ಬನ್ನು ತಿನ್ನುವಾಗಲೂ ಒಮ್ಮೆ ಅನುಮಾನ ಬರುತ್ತದೆ. ಇನ್ನು ‘ರೌಡಿ ಶೀಟರ್’ ಎಂಬ ಬಿರುದು. ರೌಡಿ ಎಂಬುದು ಅಮೆರಿಕದ ಕಾಡಂಚಿನ ಒರಟರಿಗೆ ಹುಟ್ಟಿದ ಹೆಸರು. ಆ ಪದ ಸಮುದ್ರ ದಾಟಿ ಬಂದು ನಮ್ಮ ಠಾಣೆಗಳಲ್ಲಿ ಹಾಳೆಯೊಂದನ್ನು ಮಗ್ಗುಲಿಗೆ ಇಟ್ಟುಕೊಂಡು ಕಾಯಂ ಆಯಿತು.

ಇಷ್ಟೆಲ್ಲ ಇಂಗ್ಲಿಷ್ ಬೇಡ, ಅಚ್ಚಗನ್ನಡದಲ್ಲಿ ಹೇಳೋಣ ಎಂದು ಹೊರಟವರಿಗೆ ಸಿಗುವುದು ಏನು? ಬೇಲ್ ಬೇಡ, ಜಾಮೀನು ಅನ್ನಿ ಎನ್ನುತ್ತಾರೆ. ಜಾಮೀನು ಅರಬ್ಬಿಯದು. ಲಾಯರು ಬೇಡ, ವಕೀಲರು ಅನ್ನಿ. ಅದೂ ಅರಬ್ಬಿ. ಅರೆಸ್ಟಿಗೆ ದಸ್ತಗಿರಿ ಇದೆ, ಅದು ಪಾರಸಿಯಲ್ಲಿ ಕೈ ಹಿಡಿಯುವುದು. ಮಹಜರು, ಜಪ್ತಿ, ಕೈದಿ, ದಾವೆ, ವಾರಸು, ಫಿರ್ಯಾದಿ, ಅಮೀನ, ಶಿರಸ್ತೇದಾರ, ಮುನ್ಸೀಫ ಎಲ್ಲರೂ ಒಂದೇ ದಿಕ್ಕಿನಿಂದ ಬಂದವರು. ಬಹಮನಿಗಳು, ಬಿಜಾಪುರದವರು, ಮರಾಠರು, ಹೈದರ್ ಟಿಪ್ಪು ಎಂದು ಆಳಿದವರು ಬದಲಾದಂತೆಲ್ಲ ಕಚೇರಿಯ ಕಾಗದದಲ್ಲಿ ಈ ಮಾತುಗಳು ಇನ್ನಷ್ಟು ಆಳಕ್ಕೆ ಇಳಿದವು. ಧಾರವಾಡದ ಕಡೆ ಹೋದರೆ ಕೇಸು ‘ಖಟ್ಲೆ’ಯಾಗುತ್ತದೆ, ಸಬ್ ಇನ್‌ಸ್ಪೆಕ್ಟರು ‘ಫೌಜದಾರ’ರಾಗುತ್ತಾರೆ. ಬೆಂಗಳೂರಿನ ಹೈಕೋರ್ಟಿನ ಕೆಂಪು ಕಟ್ಟಡವನ್ನೇ ನೋಡಿ. 1860ರ ದಶಕದಲ್ಲಿ ಹದಿನೆಂಟು ಇಲಾಖೆಗಳಿಗೆಂದು ಕಟ್ಟಿದ್ದರಿಂದ ಅದು ಅಠಾರಾ ಕಚೇರಿ. ಇಂಗ್ಲಿಷರು ಕಟ್ಟಿಸಿ, ಹಿಂದೂಸ್ತಾನಿಯಲ್ಲಿ ಹೆಸರು ಪಡೆದು, ಕನ್ನಡಿಗರ ವ್ಯಾಜ್ಯ ತೀರಿಸುವ ಮನೆ.

ಈ ಹಳೆಯ ಮಾತುಗಳಲ್ಲಿ ನನಗೆ ಬಹಳ ಇಷ್ಟವಾದದ್ದು ‘ಮುದ್ದೇಮಾಲು’. ಅಪರಾಧಕ್ಕೆ ಸಂಬಂಧಪಟ್ಟು ವಶಪಡಿಸಿಕೊಂಡ ವಸ್ತು ಎಂದರ್ಥ. ಮಂಡ್ಯ ಹಾಸನದ ಕಡೆ ಹುಟ್ಟಿದವನ ಕಿವಿಗೆ ಅದು ಬಿದ್ದರೆ ಮೊದಲು ಸಾರಿನ ವಾಸನೆ ಬರುತ್ತದೆ. ಜೈಲಿಗೆ ಹೋಗುವುದನ್ನೇ ನಾವು ‘ಮುದ್ದೆ ಮುರಿಯೋದು’ ಎನ್ನುವವರು. ಹೀಗಾಗಿ ಮುದ್ದೇಮಾಲಿನಿಂದ ಮುದ್ದೆಯವರೆಗಿನ ದಾರಿ ಬಹಳ ಸಹಜವಾಗಿಯೇ ಕಾಣುತ್ತದೆ.

ಹಾಗಾದರೆ ನಮ್ಮದೇ ಅನ್ನುವಂಥದ್ದು ಏನೂ ಇಲ್ಲವೇ? ಇದೆ. ಕಳ್ಳ ನಮ್ಮವನು, ಕೊಲೆ ನಮ್ಮದು. ಸುಲಿಗೆ, ಸುಳ್ಳು, ಗೋಡೆಗೆ ಹಾಕುವ ಕನ್ನ ಎಲ್ಲವೂ ಮನೆಮಾತು. ಪತ್ರಿಕೆಯವರು ಇಂದಿಗೂ ಬರೆಯುವ ‘ತಲೆಮರೆಸಿಕೊಂಡಿದ್ದಾನೆ’ ಎಂಬ ಮಾತಿಗೆ ಸಮನಾದದ್ದು ಇಂಗ್ಲಿಷಿನಲ್ಲಿ ಇರಲಿಕ್ಕಿಲ್ಲ. ಓಡಿಹೋದವನು ಇಡೀ ಮೈಯನ್ನಲ್ಲ, ತಲೆಯೊಂದನ್ನೇ ಮರೆಮಾಡಿಕೊಂಡು ಎಲ್ಲೋ ಹತ್ತಿರದಲ್ಲೇ ಕೂತಿದ್ದಾನೆ ಅನ್ನಿಸುತ್ತದೆ, ಹೆಚ್ಚಿನ ಸಲ ನಿಜವೂ ಅದೇ ಆಗಿರುತ್ತದೆ. ಇನ್ನು ಕೊನೆಗೆ ಬಂದರೆ ತೀರ್ಪು ನಮ್ಮದು, ಸೆರೆ ನಮ್ಮದು, ನೇಣೂ ನಮ್ಮದೇ. ಅಂದರೆ ತಪ್ಪು ಮಾಡುವುದು ಕನ್ನಡದಲ್ಲಿ, ಅನುಭವಿಸುವುದು ಕನ್ನಡದಲ್ಲಿ. ನಡುವೆ ಇದೆಯಲ್ಲ, ಠಾಣೆಯಿಂದ ತೀರ್ಪಿನವರೆಗಿನ ದಾರಿ, ಅದೊಂದು ಮಾತ್ರ ಆಯಾ ಕಾಲದ ದೊರೆಯ ಭಾಷೆಯಲ್ಲಿ. ಮನುಷ್ಯನ ದುಡ್ಡು, ವಯಸ್ಸು, ಚಪ್ಪಲಿ ಮೂರೂ ಸವೆಯುವುದು ಆ ನಡುದಾರಿಯಲ್ಲೇ. ಗೆದ್ದವ ಸೋತ, ಸೋತವ ಸತ್ತ ಎಂದು ನಮ್ಮ ಹಿರಿಯರು ಗಾದೆ ಕಟ್ಟಿದ್ದೂ ಆ ದಾರಿಯನ್ನು ಕಂಡೇ.

ಇದು ನಮಗೊಬ್ಬರಿಗೇ ಬಂದ ಗತಿ, ಗುಲಾಮರಾಗಿದ್ದರ ಫಲ ಎಂದು ಬಹುಕಾಲ ತಿಳಿದಿದ್ದೆ. ಇಂಗ್ಲಿಷರ ಕೋರ್ಟಿನ ಚರಿತ್ರೆ ಓದಿದಾಗ, ಪಾಪ ಅವರೂ ನಮ್ಮ ಹಾಗೇ ಅಲೆದವರು ಎಂದು ಗೊತ್ತಾಗಿ ಸಮಾಧಾನವಾಯಿತು. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯವರು ಬಂದು ಇಂಗ್ಲೆಂಡನ್ನು ಗೆದ್ದರು. ಕ್ರಮೇಣ ಕೋರ್ಟಿನಲ್ಲಿ ವಾದ ಫ್ರೆಂಚಿನಲ್ಲಿ, ದಾಖಲೆ ಲ್ಯಾಟಿನ್ನಿನಲ್ಲಿ ಎಂದಾಯಿತು. ಅಪರಾಧಿ ಮಾತ್ರ ಇಂಗ್ಲಿಷಿನವನು. ಈಗಲೂ ನೋಡಿ: ಥೀಫ್, ಸ್ಟೀಲ್, ಮರ್ಡರ್ ಅವರ ಮನೆಮಾತುಗಳು. ಕೊನೆಯ ಹ್ಯಾಂಗ್ ಎಂಬುದೂ ಮನೆಯದೇ. ನಡುವಿನ ಕೋರ್ಟ್, ಜಡ್ಜ್, ಜ್ಯೂರಿ, ಅಟಾರ್ನಿ, ಅರೆಸ್ಟ್, ಬೇಲ್, ಎವಿಡೆನ್ಸ್, ವರ್ಡಿಕ್ಟ್ ಎಲ್ಲವೂ ಫ್ರೆಂಚಿನ ಬಾಗಿಲಿನಿಂದ ಒಳಗೆ ಬಂದವು. ಪೆರೋಲ್ ಅಂದರೆ ಕೊಟ್ಟ ಮಾತು. ಇನ್ನೂ ತಮಾಷೆಯೆಂದರೆ ‘ಲಾ’ ಎಂಬ ಪದವನ್ನೇ ಇಂಗ್ಲಿಷರಿಗೆ ಕೊಟ್ಟವರು ಉತ್ತರದ ಕಡಲಿನಿಂದ ದೋಣಿಯಲ್ಲಿ ಬಂದು ಊರೂರು ಕೊಳ್ಳೆ ಹೊಡೆದ ವೈಕಿಂಗರು. ಕಾನೂನು ಎಂಬ ಮಾತನ್ನು ದರೋಡೆಕೋರರಿಂದ ಕಲಿತ ಜನ, ಮುಂದೆ ಊರೂರಿಗೆ ಹೋಗಿ ಅದನ್ನು ಕಲಿಸಿದರು.

ನಮ್ಮ ಕೋರ್ಟಿನಲ್ಲಿ ಜವಾನ ಬಾಗಿಲಿಗೆ ಬಂದು ಕಕ್ಷಿದಾರನ ಹೆಸರನ್ನು ಮೂರು ಸಲ ಕೂಗುತ್ತಾನೆ. ಇಂಗ್ಲೆಂಡಿನಲ್ಲೂ ಕೂಗುವವನೊಬ್ಬನಿದ್ದ. ಅವನು ಮೂರು ಸಲ ಕೂಗುತ್ತಿದ್ದದ್ದು ‘ಓಯೆಜ್’ ಎಂದು. ಹಳೆಯ ಫ್ರೆಂಚಿನಲ್ಲಿ ಅದು ‘ಕೇಳಿರಿ’. ಫ್ರೆಂಚ್ ಮರೆತುಹೋದ ಮೇಲೆ ಜನರ ಕಿವಿಗೆ ಅದು ‘ಓ ಯೆಸ್’ ಆಯಿತು. ಇಂಜೆಕ್ಷನ್, ಹಾಸ್ಟೆಲ್ ಎಂದದ್ದಕ್ಕೆ ದೊಡ್ಡಪ್ಪನನ್ನು ನೋಡಿ ನಗುವವರು ಇದನ್ನೊಮ್ಮೆ ನೆನೆಯಬೇಕು. ‘ಕಲ್‌ಪ್ರಿಟ್’ ಎಂಬುದಂತೂ ಗುಮಾಸ್ತರು ಹಡೆದ ಮಗು. ಆರೋಪಿ ‘ನಾನು ತಪ್ಪು ಮಾಡಿಲ್ಲ’ ಎಂದಾಗ, ‘ತಪ್ಪಿತಸ್ಥನೇ, ರುಜುವಾತಿಗೆ ನಾವು ಸಿದ್ಧ’ ಎಂದು ಸರ್ಕಾರದ ಕಡೆಯ ಗುಮಾಸ್ತ ಫ್ರೆಂಚಿನಲ್ಲಿ ಹೇಳಬೇಕಿತ್ತು. ಬರೆಯುವಾಗ ಅದನ್ನು ಎರಡು ತುಂಡು ಅಕ್ಷರಗಳಿಗೆ ಇಳಿಸಿ ‘ಕಲ್. ಪ್ರಿಟ್.’ ಎಂದು ಗೀಚಿದರು. ಮುಂದೆ ಬಂದವರು ಅದು ಎದುರಿಗೆ ನಿಂತವನ ಹೆಸರೇ ಇರಬೇಕೆಂದು ಹಾಗೇ ಕರೆದರು ಎಂಬುದು ನಿಘಂಟುಕಾರರು ಹೇಳುವ ಕಥೆ.

1362ರಲ್ಲಿ ಅಲ್ಲೊಂದು ಕಾಯ್ದೆ ಬಂತು. ಜನಕ್ಕೆ ಫ್ರೆಂಚ್ ತಿಳಿಯದು, ತಮ್ಮ ಪರ ಏನು ಹೇಳಿದರು, ವಿರುದ್ಧ ಏನು ಹೇಳಿದರು ಎಂಬುದೇ ಕಕ್ಷಿದಾರರಿಗೆ ಗೊತ್ತಾಗುವುದಿಲ್ಲ, ಆದ್ದರಿಂದ ಇನ್ನು ವಾದವೆಲ್ಲ ಇಂಗ್ಲಿಷಿನಲ್ಲಿ ನಡೆಯಲಿ ಎಂದು ಅದರ ಸಾರ. ಬಹಳ ಒಳ್ಳೆಯ ಕಾಯ್ದೆ. ಬರೆದದ್ದು ಫ್ರೆಂಚಿನಲ್ಲಿ. ನಮ್ಮ ಕನ್ನಡ ಅನುಷ್ಠಾನದ ಸುತ್ತೋಲೆಗಳನ್ನು ಇಂಗ್ಲಿಷಿನಲ್ಲಿ ಕಂಡವರಿಗೆ ಇದರಲ್ಲಿ ಅಚ್ಚರಿ ಕಾಣುವುದಿಲ್ಲ. ವಕೀಲರು ತಮ್ಮ ಟಿಪ್ಪಣಿಗಳಲ್ಲಿ ಫ್ರೆಂಚನ್ನು ಬಿಡಲಿಲ್ಲ, ಆದರೆ ಫ್ರೆಂಚು ಅವರನ್ನು ಬಿಟ್ಟುಹೋಗುತ್ತ ಬಂತು. 1631ರಲ್ಲಿ ಸಾಲ್ಸ್‌ಬರಿಯ ಕೋರ್ಟಿನಲ್ಲಿ ಶಿಕ್ಷೆಗೊಳಗಾದ ಒಬ್ಬ ಕೈದಿ ನ್ಯಾಯಾಧೀಶರ ಕಡೆಗೆ ಇಟ್ಟಿಗೆಚೂರು ಬೀಸಿ ಎಸೆದ. ಅದು ಕೂದಲೆಳೆಯಲ್ಲಿ ತಪ್ಪಿತು. ಅವನ ಬಲಗೈ ಕಡಿದು ಅಲ್ಲೇ ಗಲ್ಲಿಗೆ ಹಾಕಿದರು. ಇದನ್ನು ಬರೆದಿಟ್ಟ ವರದಿಗಾರ ಫ್ರೆಂಚಿನಲ್ಲೇ ಬರೆದ. ಆದರೆ ಇಟ್ಟಿಗೆಗೂ ಕೂದಲೆಳೆಗೂ ಅವನ ಫ್ರೆಂಚು ಸಾಲಲಿಲ್ಲ. ವಿಭಕ್ತಿ ಪ್ರತ್ಯಯಗಳು ಫ್ರೆಂಚಿನವು, ಏಟು ಇಂಗ್ಲಿಷಿನದು ಎಂಬಂಥ ಒಂದು ವಾಕ್ಯ ಹುಟ್ಟಿತು. ಇಂಗ್ಲಿಷ್ ವಕೀಲರು ಇಂದಿಗೂ ಅದನ್ನು ನೆನೆದು ನಗುತ್ತಾರೆ. “ಆ್ಯಕ್ಯೂಸ್ಡು ಕಂಪ್ಲೇನೆಂಟಿಗೆ ಮಚ್ಚಿನಿಂದ ಅಸಾಲ್ಟ್ ಮಾಡಿ ಎಸ್ಕೇಪ್ ಆಗಿದಾನೆ ಸಾರ್” ಎಂದು ನಮ್ಮ ಠಾಣೆಯಲ್ಲಿ ಹೇಳುವುದೂ ಅದೇ ಜಾತಿಯ ವಾಕ್ಯ.

ರಾಜನ ತಲೆ ತೆಗೆದವರು 1650ರಲ್ಲಿ ಕೋರ್ಟಿಗೆ ಇಂಗ್ಲಿಷ್ ತಂದರು. ಹತ್ತು ವರ್ಷಕ್ಕೆ ಅವನ ಮಗ ವಾಪಸು ಬಂದ, ಲ್ಯಾಟಿನ್ನೂ ಬಂತು. ಕೊನೆಗೆ ಇಂಗ್ಲೆಂಡಿನ ಕೋರ್ಟುಗಳು ಪೂರ್ತಿ ಇಂಗ್ಲಿಷಿಗೆ ತಿರುಗಿದ್ದು 1733ರಲ್ಲಿ. ಕಾಯ್ದೆ ಮಾಡಿ ಮುನ್ನೂರ ಎಪ್ಪತ್ತು ವರ್ಷ ದಾಟಿದ ಮೇಲೆ.

ಎರಡು ಭಾಷೆಯ ನಡುವೆ ಹೆದರಿಕೊಂಡು ಬದುಕಿದ ವಕೀಲರು ಇನ್ನೊಂದು ಅಭ್ಯಾಸ ಬಿಟ್ಟುಹೋದರು. ಒಂದು ಪದದಲ್ಲಿ ಅರ್ಥ ತಪ್ಪಿಸಿಕೊಂಡೀತೆಂದು ಎರಡೂ ಭಾಷೆಯಿಂದ ಒಂದೊಂದು ತಂದು ಜೊತೆಗೆ ಕಟ್ಟಿದರು. ‘ಬ್ರೇಕಿಂಗ್ ಅಂಡ್ ಎಂಟರಿಂಗ್’ ಎಂಬಲ್ಲಿ ಮೊದಲನೆಯದು ಇಂಗ್ಲಿಷು, ಎರಡನೆಯದು ಫ್ರೆಂಚು. ‘ಗೂಡ್ಸ್ ಅಂಡ್ ಚಾಟೆಲ್ಸ್’ ಕೂಡ ಹಾಗೇ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ, ಏಕೆಂದರೆ ಕನ್ನಡದವು ಒಂದೊಂದಾಗಿ ಎದ್ದು ಬರತೊಡಗಿದವು. ಕಾಗದ ಪತ್ರ: ಮೊದಲನೆಯದು ಪಾರಸಿ, ಎರಡನೆಯದು ಸಂಸ್ಕೃತ. ಹಕ್ಕು ಬಾಧ್ಯತೆ: ಅರಬ್ಬಿಯ ಕೈಗೆ ಸಂಸ್ಕೃತದ ಕೈ. ಕಾನೂನು ಕಟ್ಟಳೆ: ಅರಬ್ಬಿಯ ಪಕ್ಕದಲ್ಲಿ ಕನ್ನಡ. ರೀತಿ ರಿವಾಜು. ಕೊನೆಗೆ, ದಿನಕ್ಕೆ ನೂರು ಸಲ ಆಡುವ ‘ಕೋರ್ಟು ಕಚೇರಿ’. ಇಂಗ್ಲಿಷರ ಕೋರ್ಟು, ಅದಕ್ಕಿಂತ ಹಿಂದಿನವರ ಕಚೇರಿ, ಎರಡನ್ನೂ ಒಂದೇ ಉಸಿರಿನಲ್ಲಿ ಅಲೆದು ಬರುವ ನಾವು.

ಸಿನಿಮಾದ ಕೋರ್ಟಿನ ವಿಷಯ ಹೇಳಬೇಕಿಲ್ಲ, ಅದು ಬೇರೆಯೇ ರಾಜ್ಯ. ಸುತ್ತಿಗೆ ಕುಟ್ಟಿ ‘ಆರ್ಡರ್ ಆರ್ಡರ್’ ಎನ್ನುವ ನ್ಯಾಯಾಧೀಶರು ನಮ್ಮ ದೇಶದಲ್ಲೂ ಇಲ್ಲ, ಇಂಗ್ಲೆಂಡಿನಲ್ಲೂ ಇಲ್ಲ. ಆ ಸುತ್ತಿಗೆ ಅಮೆರಿಕದ್ದು. ಮೊದಲ ಸಲ ಕೋರ್ಟಿಗೆ ಬಂದವರು ಅದನ್ನು ಹುಡುಕುವುದನ್ನು ನೋಡಿದ್ದೇನೆ.

ದೊಡ್ಡಪ್ಪನ ಹುಣಸೆಮರ ಕೆಳಗಿನ ಕೋರ್ಟಿನಲ್ಲಿ ಸೋತು ಹೈಕೋರ್ಟಿನವರೆಗೆ ಹೋಯಿತು. ತಾಲ್ಲೂಕಿನಲ್ಲಿ ಸಾಕ್ಷಿಯ ಹೇಳಿಕೆ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದರು, ಓದಿ ಹೇಳುತ್ತಿದ್ದರು. ಮೇಲೆ ಹೋದ ಮೇಲೆ ಎಲ್ಲ ಇಂಗ್ಲಿಷು. ಸಂವಿಧಾನದ 348ನೇ ವಿಧಿ ಹೇಳುವುದೇ ಅದು, ಸಂಸತ್ತು ಬೇರೆ ಕಾನೂನು ಮಾಡುವ ತನಕ ಸುಪ್ರೀಂ ಕೋರ್ಟಿನ ಮತ್ತು ಹೈಕೋರ್ಟಿನ ವ್ಯವಹಾರ ಇಂಗ್ಲಿಷಿನಲ್ಲಿ. ರಾಷ್ಟ್ರಪತಿಗಳ ಒಪ್ಪಿಗೆ ಪಡೆದು ರಾಜ್ಯಪಾಲರು ಹೈಕೋರ್ಟಿನ ಕಲಾಪಕ್ಕೆ ರಾಜ್ಯದ ಭಾಷೆ ತರಬಹುದು, ತೀರ್ಪು ಆಗಲೂ ಇಂಗ್ಲಿಷಿನಲ್ಲೇ. ತೀರ್ಪಿನ ನಕಲು ಅಂಚೆಯಲ್ಲಿ ಬಂತು. ದೊಡ್ಡಪ್ಪ ಅದನ್ನು ಹೈಸ್ಕೂಲಿನ ಇಂಗ್ಲಿಷ್ ಮೇಷ್ಟರ ಬಳಿ ತೆಗೆದುಕೊಂಡು ಹೋದರು. ನಾನೂ ಜೊತೆಗಿದ್ದೆ. ಮೇಷ್ಟರು ಕನ್ನಡಕ ಏರಿಸಿ ಕೊನೆಯ ಪುಟ ಓದಿ, “ನಿಮ್ಮ ಅಪೀಲು ಅಲೋಡ್ ಅಂತ ಬರೆದವ್ರೆ. ಅಂದ್ರೆ ಅಪೀಲು ಹಾಕೋಕೆ ಪರ್ಮಿಷನ್ ಕೊಟ್ಟವ್ರೆ, ಇನ್ನು ಹಾಕ್ಬಹುದು” ಎಂದರು. ದೊಡ್ಡಪ್ಪ, “ಅಲ್ಲ ಮೇಷ್ಟ್ರೇ, ಅಲೋಡ್ ಅಂದ್ರೆ ಗೆದ್ದಂಗೆ. ಡಿಸ್ಮಿಸ್ ಅಂದ್ರೆ ಸೋತಂಗೆ” ಎಂದರು. ಮೇಷ್ಟರು ಸೋಲಲಿಲ್ಲ. “ಕೆಳಗಿನ ಕೋರ್ಟಿನ ಜಡ್ಜ್‌ಮೆಂಟನ್ನ ಸೆಟ್ ಅಸೈಡ್ ಅಂತಾರೆ, ಅದನ್ನ ಪಕ್ಕಕ್ಕೆ ಇಟ್ಟಿದಾರೆ ಅಷ್ಟೇ.” “ಪಕ್ಕಕ್ಯಾಕ್ ಇಟ್ಕತಾರೆ ಸ್ವಾಮಿ, ಎತ್ತಾಕವ್ರೆ!” ಮೇಷ್ಟರು ಎಂಎ ಮಾಡಿದ್ದರು. ಷೇಕ್ಸ್‌ಪಿಯರನ್ನು ಬಾಯಿಪಾಠ ಒಪ್ಪಿಸುತ್ತಿದ್ದರು. ಆದರೆ ಒಂದು ಬದುವಿನ ಜಗಳಕ್ಕೂ ಹೋದವರಲ್ಲ.

ಗೆದ್ದದ್ದು ತಿಳಿಯಿತು, ಯಾಕೆ ಗೆದ್ದದ್ದೆಂದು ತಿಳಿಯಲಿಲ್ಲ. ಆ ಮೂವತ್ತು ಚಿಲ್ಲರೆ ಪುಟದಲ್ಲಿ ತಮ್ಮ ಬದು, ತಮ್ಮ ಮರ, ತಮ್ಮ ಅಪ್ಪನ ಹೆಸರು ಎಲ್ಲ ಇವೆ ಎಂದು ದೊಡ್ಡಪ್ಪನಿಗೆ ಗೊತ್ತಿತ್ತು. ಅವುಗಳ ಬಗ್ಗೆ ಏನು ಹೇಳಿದ್ದಾರೆ ಎಂಬುದು ಕೊನೆಗೂ ಗೊತ್ತಾಗಲಿಲ್ಲ. ಬೇಲು, ಸ್ಟೇ, ವಾರಂಟು ಇವುಗಳನ್ನು ಕನ್ನಡದಿಂದ ಓಡಿಸಬೇಕೆಂಬ ಹಟ ನನಗಿಲ್ಲ. ಜನ ಅವನ್ನು ದುಡ್ಡು ಕೊಟ್ಟು ಕೊಂಡಿದ್ದಾರೆ, ಅವರದೇ ಸ್ವತ್ತು. ಆದರೆ ಪದ ಬೇರೆ, ವಾಕ್ಯ ಬೇರೆ. ಅಲ್ಲಲ್ಲಿ ಚದುರಿದ ಪದಗಳಿಂದ ಸೋಲು ಗೆಲುವು ತಿಳಿಯಬಹುದು, ನ್ಯಾಯ ತಿಳಿಯಲು ವಾಕ್ಯ ಬೇಕು, ಅದು ತಾಯಿ ಮಾತಿನಲ್ಲೇ ಬೇಕು. 2024ರ ಡಿಸೆಂಬರಿನಲ್ಲಿ ನಮ್ಮ ಹೈಕೋರ್ಟಿನ ಒಂದು ಪೀಠ ಕನ್ನಡದಲ್ಲೂ ತೀರ್ಪು ಕೊಟ್ಟಾಗ ಅದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಇಂಗ್ಲೆಂಡಿನ ಲೆಕ್ಕದಲ್ಲಿ ನಾವೇನೂ ತಡ ಮಾಡಿಲ್ಲ, ಸಂವಿಧಾನ ಬಂದದ್ದು 1950ರಲ್ಲಿ ತಾನೆ.

ಕೊಡುವವರು ಅವರು, ತೆಗೆದುಕೊಳ್ಳುವವರು ನಾವು ಎಂದೂ ಅಲ್ಲ. ಅಪರಾಧದ ಬಾಬತ್ತಿನಲ್ಲಿ ನಮ್ಮಿಂದ ಇಂಗ್ಲಿಷಿಗೆ ಹೋದದ್ದು ಕಡಿಮೆಯಿಲ್ಲ. ಲೂಟ್ ಹೋಯಿತು, ಡಕಾಯಿತ ಹೋದ. ನಮ್ಮ ಠಕ್ಕನ ದಾಯಾದಿಯಾದ ಉತ್ತರದ ಠಗ್, ‘ಥಗ್’ ಎಂಬ ಹೆಸರಿನಲ್ಲಿ ಲಂಡನ್ನಿನ ನಿಘಂಟಿನಲ್ಲಿ ಮನೆ ಕಟ್ಟಿಕೊಂಡ. 1860ರ ದಂಡಸಂಹಿತೆಯಲ್ಲಿ ಅವನಿಗೇ ಒಂದು ಕಲಂ ಇತ್ತು, 310. ನಾಲ್ಕು ಜನ ಸೇರಿ ದೋಚಿದರೆ ರಾಬರಿ, ಐದನೆಯವನೊಬ್ಬ ಬಂದು ಸೇರಿಕೊಂಡರೆ ಡಕಾಯಿತಿ ಎಂದು ತಲೆ ಎಣಿಸಿ ಬರೆದದ್ದೂ ಅದೇ ಸಂಹಿತೆ. ಗೂಂಡಾನಿಗಂತೂ ನಮ್ಮ ರಾಜ್ಯದಲ್ಲೇ 1985ರ ಕಾಯ್ದೆಯ ಹೆಸರಿನೊಳಗೆ, ಕಳ್ಳಭಟ್ಟಿಯವರ ಮತ್ತು ಜೂಜುಕೋರರ ಜೊತೆಯಲ್ಲಿ ಖಾಯಂ ಜಾಗ.

ಆ ಹಳೆಯ ದಂಡಸಂಹಿತೆ 2024ರ ಜುಲೈ 1ರಂದು ಹೋಯಿತು. ಇಂಗ್ಲಿಷರ ನೆರಳು ಬೇಡವೆಂದು ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಭಾರತೀಯ ಸಾಕ್ಷ್ಯ ಅಧಿನಿಯಮ ಎಂದು ಸಂಸ್ಕೃತದ ಹೆಸರು ಇಟ್ಟರು. ಬೆಳಗಾಗುವುದರೊಳಗೆ ದೇಶ ಅವನ್ನು ಬಿಎನ್‌ಎಸ್, ಬಿಎನ್‌ಎಸ್‌ಎಸ್, ಬಿಎಸ್‌ಎ ಮಾಡಿತು. ಬಿಎಸ್‌ಎ ಅಂದರೆ ನನಗೆ ಈಗಲೂ ಸೈಕಲ್ಲೇ. 511 ಕಲಂಗಳು 358ಕ್ಕೆ ಇಳಿದವು. ಠಗ್ಗನನ್ನು ಕೈಬಿಟ್ಟರು, ಅವನಿದ್ದ 310ಕ್ಕೆ ಡಕಾಯಿತ ಬಂದು ಕೂತ. ಬಾಡಿಗೆದಾರ ಬದಲಾದರೂ ಮನೆಯ ಕಸುಬು ಬದಲಾಗಲಿಲ್ಲ. ಆದರೆ 302ಕ್ಕೆ ಬಂದ ಗತಿ ನೋಡಿ. ಒಂದೂವರೆ ಶತಮಾನಕ್ಕೂ ಮೇಲೆ ಕೊಲೆಗಾರರನ್ನು ನಡುಗಿಸಿದ ಅಂಕಿ ಈಗ ಧಾರ್ಮಿಕ ಭಾವನೆ ನೋಯಿಸುವ ಮಾತಿನ ಕಲಂ. ಕೊಲೆ 103ಕ್ಕೆ ಹೋಗಿದೆ. ನಿಷೇಧಾಜ್ಞೆಯ 144 ಈಗ 163. ಎಲ್ಲಕ್ಕಿಂತ ದೊಡ್ಡ ನಷ್ಟ 420ರದು. ಹೊಸ ಪುಸ್ತಕದಲ್ಲಿ ಆ ಅಂಕಿಯೇ ಇಲ್ಲ, ಮೋಸಕ್ಕೆ 318ರ ನಾಲ್ಕನೆಯ ಉಪಕಲಂ. ಬೈಯಲು ಬರುವ ಮಾತೇ ಇದು? “ಅವನೊಬ್ಬ ಫೋರ್‌ಟ್ವೆಂಟಿ” ಎಂದಾಗ ಬಾಯಿಗೆ ಸಿಗುವ ಸುಖ “ಅವನೊಬ್ಬ ಮುನ್ನೂರ ಹದಿನೆಂಟು ಉಪಕಲಂ ನಾಲ್ಕು” ಎಂದರೆ ಸಿಕ್ಕೀತೆ? ಅಷ್ಟು ಹೇಳಿ ಮುಗಿಸುವುದರೊಳಗೆ ಅವನು ಬಸ್ಸು ಹತ್ತಿರುತ್ತಾನೆ.

ಕಾನೂನಿನ ಪುಸ್ತಕ ಬಿಟ್ಟರೂ ಜನ ಬಿಡಲಿಲ್ಲ, ಕಳ್ಳರೂ ಬಿಡಲಿಲ್ಲ. ಈಗ ‘ಡಿಜಿಟಲ್ ಅರೆಸ್ಟ್’ ಎಂಬ ಹೊಸ ಕಸುಬು ಬಂದಿದೆಯಲ್ಲ, ಅದರ ಆಯುಧ ಮಚ್ಚಲ್ಲ, ಕೋರ್ಟಿನ ಇಂಗ್ಲಿಷು. ಸಮವಸ್ತ್ರ ಹಾಕಿ ವಿಡಿಯೊ ಕರೆಯಲ್ಲಿ ಕೂತವನು ಮನಿ ಲಾಂಡರಿಂಗ್, ನಾನ್ ಬೇಲಬಲ್ ವಾರಂಟ್, ಸೀಕ್ರೆಸಿ ಆ್ಯಕ್ಟ್ ಎಂದು ಒಂದರ ಮೇಲೊಂದು ಎಸೆಯುತ್ತಾನೆ. ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ. ಆದರೂ ದೊಡ್ಡ ಹುದ್ದೆಯಲ್ಲಿದ್ದವರು, ಇಂಗ್ಲಿಷ್ ಪತ್ರಿಕೆ ಬಿಟ್ಟು ಬೇರೆ ಓದದವರು ಕದ ಹಾಕಿಕೊಂಡು ಕೂತು ಉಳಿತಾಯವನ್ನೆಲ್ಲ ಕಳಿಸುತ್ತಾರೆ. ಅವರಿಗೆ ಆ ಪದಗಳ ಸ್ಪೆಲಿಂಗ್ ಗೊತ್ತು, ವಾಸನೆ ಗೊತ್ತಿಲ್ಲ.

ಬೆಂಗಳೂರಿನಲ್ಲಿ ನಮ್ಮ ಪಕ್ಕದ ಮನೆಯ ನಿವೃತ್ತ ಎಂಜಿನಿಯರಿಗೆ ಒಂದು ಮಧ್ಯಾಹ್ನ ಅಂಥದೇ ಕರೆ ಬಂತು. ಮುಖ ಬಿಳಚಿಕೊಂಡು, ಬ್ಯಾಂಕಿನ ಪಾಸ್‌ಬುಕ್ಕು ಹುಡುಕತೊಡಗಿದರು. ಅವರ ಮನೆಯವರು ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ಅವರೆಕಾಯಿ ಸುಲಿಯುತ್ತಿದ್ದವರು ಕೈ ಒರೆಸಿಕೊಂಡು ಬಂದು ಫೋನು ಇಸಕೊಂಡರು.

“ಕ್ರೈಮ್ ನಂಬರ್ ಎಷ್ಟಪ್ಪ? ಯಾವ ಸ್ಟೇಷನ್ ಲಿಮಿಟ್ಸು?”

ಅತ್ತಲಿಂದ ಹಿಂದಿಯಲ್ಲಿ ಗದರಿಕೆ ಬಂತು, ನಡುನಡುವೆ ಇಂಗ್ಲಿಷು. ಅವರು ಕನ್ನಡದಲ್ಲೇ ಮುಂದುವರಿದರು. “ಅದಿರಲಿ, ಸೆಕ್ಷನ್ ಯಾವ್ದು ಹಾಕಿದೀರ ಹೇಳಿ.”

“ಫೋರ್ ಟ್ವೆಂಟಿ!”

“ಕೃತ್ಯ ಯಾವಾಗ ನಡೀತು ಅಂದ್ರಿ?”

“ಲಾಸ್ಟ್ ಮಂತ್.”

“ಹೋದ ತಿಂಗಳ ಕೃತ್ಯಕ್ಕೆ ಫೋರ್‌ಟ್ವೆಂಟಿ ಹೆಂಗಪ್ಪ ಹಾಕ್ತೀಯ? ಅದು ಹೋಗಿ ಎಷ್ಟ್ ದಿನ ಆಯ್ತು! ತ್ರೀ ಎಯ್ಟೀನ್ ಕ್ಲಾಸ್ ಫೋರ್ ಓದ್ಕೊಂಡು ನಾಳೆ ಹನ್ನೊಂದು ಗಂಟೆಗೆ ಮಾಡು” ಎಂದು ಹೇಳಿ, ಫೋನನ್ನು ಗಂಡನ ಕೈಗೆ ಕೊಟ್ಟು, ಅವರೆಕಾಯಿಯ ಮೊರವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು. ಎಂಜಿನಿಯರು ಮಾತ್ರ ಮಾರನೆಯ ದಿನ ಹನ್ನೊಂದು ಗಂಟೆಗೆ ಫೋನ್ ಆಫ್ ಮಾಡಿ ಇಟ್ಟಿದ್ದರಂತೆ, ಎಲ್ಲಿ ಓದಿಕೊಂಡು ಬಂದುಬಿಡುತ್ತಾನೋ ಎಂದು.